ನೂಲು ಹಿಡಿಯದೆ ಹಾಕಿದ ಗೆರೆ

ವಾಮಂಜೂರಿನ ಒಂದು ಸಣ್ಣ ಕಾಲೇಜಿನಲ್ಲಿ ನಾನು ಮೂವತ್ತೊಂದು ವರ್ಷ ಅಟೆಂಡರ್ ಆಗಿದ್ದೆ. ಗಂಟೆ ಹೊಡೆಯುವುದು, ಕಾಗದಪತ್ರ ಮುಟ್ಟಿಸುವುದು, ಪರೀಕ್ಷೆಗೆ ಬೆಂಚು ಸಾಲು ಮಾಡುವುದು ಸಂಬಳದ ಕೆಲಸ. ಮೈದಾನಕ್ಕೆ ಸುಣ್ಣದ ಗೆರೆ ಹಾಕುವುದು ಯಾರೂ ಹೇಳದೆ ನನ್ನ ಮೇಲೆ ಬಿದ್ದ ಕೆಲಸ. ಆದರೆ ನನಗೆ ಹೆಮ್ಮೆ ಇದ್ದದ್ದು ಅದೊಂದರಲ್ಲೇ. ನಾನು ಎಸ್ಸೆಸ್ಸೆಲ್ಸಿಗೆ ಓದು ಬಿಟ್ಟವನು. ಡಿಗ್ರಿ ಓದುವವರೆಲ್ಲ ನಾನು ಎಳೆದ ಗೆರೆಯೊಳಗೆ ಓಡುತ್ತಾರೆ, ಚೆಂಡು ಅದನ್ನು ದಾಟಿದರೆ ನಿಲ್ಲುತ್ತಾರೆ ಎಂಬ ಸಣ್ಣ ಸಂತೋಷ ನನಗಿತ್ತು.

ಆ ಗೆರೆಯ ಬಗ್ಗೆ ಒಮ್ಮೆ ಸುಳ್ಳು ಹೇಳಿದೆ. ಒಂದೇ ಶಬ್ದದ ಸುಳ್ಳು. ಹನ್ನೆರಡು ವರ್ಷ ಆಯಿತು. ಈಗ ಅದನ್ನು ಸರಿ ಮಾಡುತ್ತೇನೆಂದು ಹೊರಟರೆ ಯಾರಿಗೂ ಬೇಡ. ಸುಳ್ಳು ಹೇಳಲು ನನಗೆ ಒಂದು ಕ್ಷಣ ಸಾಕಾಗಿತ್ತು. ಸತ್ಯ ಹೇಳಲು ಈ ವರ್ಷ ನಾನು ಪಟ್ಟ ಪಾಡು ನನಗೇ ಗೊತ್ತು.

ನಮ್ಮಲ್ಲಿ ಫುಟ್‌ಬಾಲ್ ಮಳೆಗಾಲದ ಆಟ. ನಮ್ಮ ಮೈದಾನ ಗುಡ್ಡ ಕಡಿದು ಮಾಡಿದ್ದು, ಕೆಂಪು ಮಣ್ಣು. ಪೂರ್ವದ ಕಡೆಗೆ ಸ್ವಲ್ಪ ಇಳಿಜಾರು. ಮಳೆ ನೀರೆಲ್ಲ ಆ ಕಡೆಯ ಗೋಲಿನ ಎದುರು ಬಂದು ನಿಲ್ಲುತ್ತದೆ. ಗೋಲ್‌ಕೀಪರ್‌ಗಳು ನಿಂತು ನಿಂತು ಅಲ್ಲೊಂದು ಗುಂಡಿ ಬೇರೆ ಆಗಿದೆ. ಮ್ಯಾಚಿನ ದಿನ ಬೆಳಿಗ್ಗೆ ನಾನು ಆ ಗುಂಡಿಗೆ ಮರದ ಮಿಲ್ಲಿನಿಂದ ತಂದ ಹುಡಿ ತುಂಬಿಸಿ ಮೆಟ್ಟುತ್ತಿದ್ದೆ. ಆಮೇಲೆ ಸುಣ್ಣದ ಹುಡಿ. ಹಾಲಿನ ಪುಡಿಯ ಹಳೆ ಡಬ್ಬದ ತಳಕ್ಕೆ ಮೊಳೆಯಿಂದ ತೂತು ಹೊಡೆದು, ಕೋಲಿಗೆ ಕಟ್ಟಿ, ಅಲ್ಲಾಡಿಸುತ್ತಾ ಹೋಗುವುದು. ಬೇರೆ ಗೆರೆಗಳನ್ನು ಕಣ್ಣಂದಾಜಿನಲ್ಲಿ ಹಾಕಿದರೂ ನಡೆಯುತ್ತದೆ. ಗೋಲಿನ ಗೆರೆ ಹಾಗಲ್ಲ. ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಬಲೆಯ ನೂಲು ಬಿಗಿಯಾಗಿ ಕಟ್ಟಿ, ಅದರ ಗುಂಟ ಸುಣ್ಣ ಬಿಡಬೇಕು. ನನಗೆ ಮೊದಲು ಕೆಲಸ ಕಲಿಸಿದ ಹಿರಿಯ ಅಟೆಂಡರ್ ಹೇಳಿಕೊಟ್ಟದ್ದು ಇದೊಂದೇ. ಇಪ್ಪತ್ತಾರು ವರ್ಷ ನಾನು ಇದನ್ನು ತಪ್ಪಿಸಿರಲಿಲ್ಲ.

ನಮ್ಮ ಎದುರಾಳಿ ಜೆಪ್ಪು ಕಡೆಯ ಇನ್ನೊಂದು ಸಣ್ಣ ಕಾಲೇಜು. ನಿಜ ಹೇಳಬೇಕೆಂದರೆ ಎರಡೂ ತಂಡಗಳು ದೊಡ್ಡ ಪಂದ್ಯಾಟಗಳಿಗೆ ಹೋದರೆ ಮೊದಲ ದಿನವೇ ಬ್ಯಾಗು ಕಟ್ಟಿ ವಾಪಸು ಬರುವಂಥವು. ಆದರೆ ವರ್ಷಕ್ಕೊಮ್ಮೆ ಇವೆರಡರ ನಡುವೆಯೇ ಆಡುವ ಒಂದು ಕಪ್ ಇತ್ತು. ಅದಕ್ಕೆ ಮಕ್ಕಳು ಜೀವ ಬಿಡುತ್ತಿದ್ದರು. ಜೆಪ್ಪಿನವರು ಎರಡು ಬಸ್ಸು ತುಂಬ ಬರುತ್ತಿದ್ದರು. ನಮ್ಮ ಮೈದಾನ ಭತ್ತದ ಸಸಿ ನೆಡುವ ಗದ್ದೆಯ ಹಾಗೆ ಕಾಣುವುದರಿಂದ ಬಸ್ಸಿನ ಕಿಟಕಿಯಿಂದಲೇ ತಮಾಷೆ ಶುರು.

"ನೇಜಿ ಎಲ್ಲಿಟ್ಟಿದ್ದೀರಿ ಮಾರಾಯ್ರೇ? ನೆಡ್ಲಿಕ್ಕೆ ನಾವೂ ಬಂದಿದ್ದೇವೆ."

ಅವರ ಕಡೆ ಹಿಂದೆ ಹಂಚಿನ ಕಾರ್ಖಾನೆಗಳಿದ್ದವಲ್ಲ, ಅದಕ್ಕೆ ನಮ್ಮವರ ಉತ್ತರ: "ಹಂಚು ಜಾಗ್ರತೆ ಉಂಟಲ್ಲ? ಇವತ್ತು ಒಡೀತದೆ."

ಹಂಚು ಒಡೆಯುತ್ತಿರಲಿಲ್ಲ. ಆ ವರ್ಷದವರೆಗೆ ನಾವು ಸತತ ಐದು ಸಲ ಸೋತಿದ್ದೆವು.

ಆ ವರ್ಷ ಮಧ್ಯಂತರಕ್ಕೆ ನಾವು ಒಂದು ಗೋಲಿನಿಂದ ಮುಂದಿದ್ದೆವು. ನಿಯಮದ ಪ್ರಕಾರ ಪಂದ್ಯ ಸಮ ಆದರೆ ಕಪ್ ಹಿಂದಿನ ವರ್ಷ ಗೆದ್ದವರಲ್ಲೇ, ಎಂದರೆ ಜೆಪ್ಪಿನವರಲ್ಲೇ ಉಳಿಯುತ್ತಿತ್ತು. ಮಳೆ ಹೊಡೆಯುತ್ತಿತ್ತು. ಗೆರೆಗಳೆಲ್ಲ ತೊಳೆದುಹೋಗಿದ್ದವು. ರೆಫರಿ, ಕದ್ರಿಯ ಕಡೆಯ ಒಬ್ಬರು ಹಿರಿಯರು, ಬ್ಯಾಂಕಿನಿಂದ ನಿವೃತ್ತರಾದವರು, ನನ್ನನ್ನು ಕರೆದು, "ಬೇರೆ ಎಂತ ಮಾಡದಿದ್ರೂ ಅಡ್ಡಿಲ್ಲ. ಗೋಲ್ ಗೆರೆ ಎರಡು ಕಾಣುವ ಹಾಗೆ ಮಾಡಿ," ಅಂದರು.

ಪಶ್ಚಿಮದ್ದು ಸುಲಭ. ಪೂರ್ವದ ಗೋಲಿನ ಬಾಯಲ್ಲಿ ನೀರು. ಹುಡಿ ತುಂಬಿಸಿದ್ದೆಲ್ಲ ತೇಲುತ್ತಿತ್ತು. ಎರಡು ಸಲ ಸುಣ್ಣ ಬಿಟ್ಟೆ, ಎರಡು ಸಲವೂ ಮಜ್ಜಿಗೆಯ ಹಾಗೆ ಕರಗಿ ಹರಡಿತು. ಮೂರನೇ ಸಲ ಗೆರೆಯನ್ನು ಎರಡೂ ಕಂಬಗಳ ಬುಡದಿಂದ ಮೆಲ್ಲಗೆ ಹಿಂದಕ್ಕೆ ಬಗ್ಗಿಸಿ, ಗುಂಡಿಯ ಹಿಂದಿನ ಗಟ್ಟಿ ನೆಲದ ಮೇಲೆ ಕೂರಿಸಿದೆ. ನಡುವಿನಲ್ಲಿ ಒಂದು ಗೇಣು ಹಿಂದೆ ಹೋಗಿರಬೇಕು. ನೂಲು ಸೊಂಟಕ್ಕೆ ಸುತ್ತಿಕೊಂಡೇ ಇದ್ದೆ. ಬಿಚ್ಚಲಿಲ್ಲ. ಬಿಚ್ಚಿದರೆ ನೂಲು ನೇರ ನೀರಿನ ಮೇಲೇ ಹೋಗುತ್ತದೆ ಎಂದು ಗೊತ್ತಿತ್ತು. ಮೋಸ ಮಾಡಬೇಕೆಂದು ಮಾಡಿದ್ದಲ್ಲ, ಇದನ್ನು ನಂಬಿ. ಸುಣ್ಣ ನಿಲ್ಲಬೇಕಿತ್ತು, ನಿಲ್ಲಿಸಿದೆ. ಎದುರಿನಿಂದ ನೋಡಿದರೆ ನೆಟ್ಟಗೇ ಕಾಣುತ್ತಿತ್ತು.

ಆ ಗೋಲಿಗೆ ದ್ವಿತೀಯಾರ್ಧದಲ್ಲಿ ಹೊಡೆಯಬೇಕಾದವರು ಜೆಪ್ಪಿನವರು.

ಆಟ ಮುಗಿಯಲು ಇನ್ನೇನು ಸ್ವಲ್ಪ ಹೊತ್ತು ಇದೆ ಎನ್ನುವಾಗ ಅವರ ಹನ್ನೊಂದನೇ ನಂಬರಿನ ಹುಡುಗ ಚೆಂಡು ತೆಗೆದುಕೊಂಡು ಒಬ್ಬನೇ ನುಗ್ಗಿ ಬಂದ. ಬ್ಯಾರಿಗಳ ಹುಡುಗ, ಸಪೂರ, ಎಡಗಾಲಿನವ. ನಮ್ಮ ಗೋಲ್‌ಕೀಪರ್ ಮುಂದೆ ಓಡಿ ಬಿದ್ದು ಕೆಸರಿನಲ್ಲಿ ಜಾರಿಹೋದ. ಗೋಲು ಖಾಲಿ. ಹುಡುಗ ಒಳಗಾಲಿನಿಂದ ಸಮಾಧಾನದಲ್ಲಿ ತಳ್ಳಿದ. ಚೆಂಡು ಉರುಳಿಕೊಂಡು ಬಂತು, ಗುಂಡಿಯ ನೀರಿಗೆ ಇಳಿಯಿತು, ನೀರು ದಾಟಿತು, ನನ್ನ ಸುಣ್ಣದ ಮೇಲೆ ಕೂತಿತು. ಅಲ್ಲೇ ನಿಂತಿತು. ನಮ್ಮವನೊಬ್ಬ ಹಿಂದಿನಿಂದ ಓಡಿ ಬಂದು ಅದನ್ನು ಹೊರಗೆ ಒದ್ದ.

ನಾನು ಕಂಬದ ಪಕ್ಕದಲ್ಲೇ ಡಬ್ಬ ಹಿಡಿದು ನಿಂತಿದ್ದೆ. ಕಂಬದಿಂದ ಕಂಬಕ್ಕೆ ನೋಡಿದರೆ ಇಡೀ ಚೆಂಡು ಒಳಗಿತ್ತು. ಸುಣ್ಣ ನೋಡಿದರೆ ಗೆರೆಯ ಮೇಲಿತ್ತು. ರೆಫರಿ ನೋಡಿದ್ದು ಸುಣ್ಣ. ಗೋಲ್ ಇಲ್ಲ ಎಂದು ಕೈ ಬೀಸಿದರು.

ಹುಡುಗ ಕಂಬ ಹಿಡಿದುಕೊಂಡು ಕೂಗಿದ. "ಸಾರ್, ಇಲ್ಲಿಂದ ನೋಡಿ. ಗೆರೆ ಹಿಂದೆ ಹೋಗಿದೆ ಸಾರ್. ಒಮ್ಮೆ ಇಲ್ಲಿ ನಿಂತು ನೋಡಿ."

ರೆಫರಿ ಬರುವಷ್ಟರಲ್ಲಿ ಎರಡೂ ತಂಡದವರು ಗೋಲಿನ ಬಾಯಲ್ಲಿ ಸೇರಿ ದೂಡಾಡಿ ಗೆರೆಯನ್ನು ಕೆಸರಿಗೆ ಬೆರೆಸಿಯಾಗಿತ್ತು. ನೋಡಲು ಏನೂ ಉಳಿದಿರಲಿಲ್ಲ. ರೆಫರಿ ನನ್ನ ಕಡೆ ತಿರುಗಿದರು.

"ನೂಲು ಹಿಡಿದೇ ಹಾಕಿದ್ದಲ್ವಾ ನೀವು?"

"ಹೌದು," ಅಂದೆ.

ಕಾಲೇಜಿನ ಮೇಲಿನ ಪ್ರೀತಿಯಿಂದ ಹೇಳಿದೆ ಎಂದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಕಪ್ಪಿನ ನೆನಪೂ ಆಗ ನನಗಿರಲಿಲ್ಲ. ನಮ್ಮ ದೈಹಿಕ ಶಿಕ್ಷಣದ ಪಿ.ಡಿ. ಸರ್ ಅಲ್ಲೇ ನಿಂತಿದ್ದರು. ಇಪ್ಪತ್ತಾರು ವರ್ಷದ ನನ್ನ ಗೆರೆ ಸೊಟ್ಟಗಿತ್ತು ಎಂದು ಅಷ್ಟು ಜನರೆದುರು ಹೇಳಲು ನನ್ನಿಂದ ಆಗಲಿಲ್ಲ. ಅಷ್ಟೇ. ಹುಡುಗ ನನ್ನ ಸೊಂಟ ನೋಡಿದ. ನೂಲು ಸುತ್ತಿದ ಹಾಗೆಯೇ ಅಲ್ಲೇ ಇತ್ತು, ಅಂಗಿಯ ಅಡಿಯಲ್ಲಿ. ಅವನಿಗೆ ಕಂಡಿತೋ ಇಲ್ಲವೋ ನನಗೆ ತಿಳಿಯಲಿಲ್ಲ.

ನಾವು ಗೆದ್ದೆವು. ಯಾಕೆ ಗೆದ್ದೆವು ಎಂದು ಅಂದಿನಿಂದ ಎಲ್ಲರಿಗೂ ಗೊತ್ತು. ಪಿ.ಡಿ. ಸರ್ ಪ್ರಕಾರ ಬೆಳಿಗ್ಗೆ ಐದೂವರೆಯ ಓಟ. ಆಡಳಿತ ಮಂಡಳಿಯ ಒಬ್ಬರ ಪ್ರಕಾರ ದೈವಕ್ಕೆ ಹೇಳಿಕೊಂಡ ಹರಕೆ. ಗೋಲ್‌ಕೀಪರ್‌ನ ಪ್ರಕಾರ ಅವನು ಬೀಳುವಾಗ ಹನ್ನೊಂದನೇ ನಂಬರಿನವನ ಕಣ್ಣಿಗೆ ಕಣ್ಣು ಕೊಟ್ಟು ನೋಡಿದ್ದು, ಅದಕ್ಕೇ ಅವನು ಹೆದರಿ ಮೆಲ್ಲಗೆ ಹೊಡೆದದ್ದು. ಕಾಲೇಜಿನ ವಾಟ್ಸಾಪ್ ಗುಂಪಿನಲ್ಲಿ ಪ್ರತಿ ಮಳೆಗಾಲ ಈ ಕಥೆ ಬರುತ್ತದೆ, ಬಂದಾಗಲೆಲ್ಲ ಸ್ವಲ್ಪ ಬೆಳೆದಿರುತ್ತದೆ. ಗೆದ್ದದ್ದು ಒಂದು ಗುಂಡಿಯಿಂದ, ಮತ್ತೆ ನಾನು ಬಿಚ್ಚದ ನೂಲಿನಿಂದ. ಇಂಥ ಪಂದ್ಯಗಳು ಹೆಚ್ಚಿನವು ಹೀಗೇ ತೀರ್ಮಾನವಾಗುತ್ತವೆ ಎಂದು ನನ್ನ ಅನುಮಾನ. ಆದರೆ ಕೇಳುವವರಿಗೆ ಐದೂವರೆಯ ಓಟವೇ ಚಂದ.

ಜೆಪ್ಪಿನವರು ಬೇರೊಂದು ಕಾರಣ ಕಂಡುಕೊಂಡರು. ಹನ್ನೊಂದನೇ ನಂಬರಿನವನ ತಂಗಿ ನಮ್ಮ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಿದ್ದಳು. ತಂಗಿಯ ಕಾಲೇಜಿಗೆ ಕಪ್ ಕೊಟ್ಟ ಎಂದರು. ಖಾಲಿ ಗೋಲಿಗೆ ಅಷ್ಟು ಮೆಲ್ಲಗೆ ಯಾರಾದರೂ ಹೊಡೆಯುತ್ತಾರಾ ಎಂದು ಅವರ ಕ್ಯಾಪ್ಟನ್ನೇ ಕೇಳಿದನಂತೆ. ಹುಡುಗ ಮತ್ತೆ ಆಡಲಿಲ್ಲ. ಮುಂದಿನ ವರ್ಷ ಅವನೇ ಕ್ಯಾಪ್ಟನ್ ಆಗಬೇಕಿತ್ತು ಎಂದು ಕೇಳಿದ್ದೇನೆ. ಇತ್ತ ನಮ್ಮ ಕಾಲೇಜಿನಲ್ಲಿ ಅವನ ತಂಗಿಗೆ 'ಕಪ್' ಎಂದೇ ಹೆಸರಾಯಿತು. "ಕಪ್ ಬಂತು, ಕಪ್ ಹೋಯ್ತು" ಎಂದು ವರಾಂಡದಲ್ಲಿ ನಗುತ್ತಿದ್ದುದು ನನ್ನ ಕಿವಿಗೆ ಬೀಳುತ್ತಿತ್ತು. ಆ ಹುಡುಗಿ ತಲೆ ತಗ್ಗಿಸಿ ನನ್ನ ಸ್ಟೂಲಿನ ಎದುರೇ ಹಾದುಹೋಗುತ್ತಿದ್ದಳು. ನಾನು ಗಂಟೆ ಹೊಡೆಯುತ್ತಿದ್ದೆ.

ನಿವೃತ್ತನಾಗಿ ಏಳು ವರ್ಷದ ಮೇಲೆ, ಈ ಜೂನಿನಲ್ಲಿ, ಆಗಿನ ಗೋಲ್‌ಕೀಪರ್ ನಮ್ಮ ಮನೆಗೆ ಬಂದ. ಈಗ ಅವನು ಕಂಟ್ರಾಕ್ಟರ್, ಹಳೆ ವಿದ್ಯಾರ್ಥಿ ಸಂಘದ ಅಧ್ಯಕ್ಷ.

"ಅಣ್ಣ, ಎರಡೂ ಕಾಲೇಜಿನ ಹಳಬರು ಸೇರಿ ಒಂದು ಮ್ಯಾಚ್ ಆಡ್ತೇವೆ. ಅವತ್ತು ನಿಮಗೊಂದು ಸನ್ಮಾನ ಉಂಟು."

"ಎಂತಕ್ಕೆ?"

"ಎಂತಕ್ಕೆ ಅಂದ್ರೆ? ಇಷ್ಟು ವರ್ಷ ಗೆರೆ ಹಾಕಿದ್ದಕ್ಕೆ. ನಿಮ್ಮ ಗೆರೆಯಿಂದಲೇ ಅಲ್ವಾ ನಾವು ಆ ಕಪ್ ಗೆದ್ದದ್ದು." ನಕ್ಕ. ತಮಾಷೆಗೆ ಹೇಳಿದ್ದು. ಆಮೇಲೆ ಚಹಾ ಕುಡಿಯುತ್ತಾ, "ಆ ಹನ್ನೊಂದನೇ ನಂಬರಿನವನನ್ನೂ ಕರೆದೆ. ಬರುದಿಲ್ಲ ಹೇಳಿದ. ಇನ್ನೂ ನಾಚಿಕೆ ಇರ್ಬೇಕು ಪಾಪ," ಅಂದ.

ಅವನು ಹೋದ ಮೇಲೆ ಹೆಂಡತಿಗೆ ಎಲ್ಲ ಹೇಳಿದೆ. ಅವಳು ಮೀನು ಕೊಯ್ಯುವುದನ್ನು ನಿಲ್ಲಿಸಲಿಲ್ಲ. "ನಾಚಿಕೆ ಯಾರಿಗೆ ಇರ್ಬೇಕಾದ್ದು?" ಎಂದಳು.

ಮರುದಿನ ಜೆಪ್ಪಿಗೆ ಹೋದೆ. ಅವನದು ಹಗ್ಗ, ಟರ್ಪಾಲು, ಬಲೆಯ ನೂಲು ಮಾರುವ ಅಂಗಡಿ, ಅವನ ತಂದೆಯ ಕಾಲದ್ದು. ಮಳೆಗಾಲದ ವ್ಯಾಪಾರ ಜೋರಾಗಿತ್ತು. ಈಗ ದಪ್ಪಗಾಗಿದ್ದಾನೆ, ಗಡ್ಡ ಬಿಟ್ಟಿದ್ದಾನೆ. ನನ್ನನ್ನು ಕಂಡ ಕೂಡಲೇ ಗುರುತು ಹಿಡಿದ.

"ಬನ್ನಿ ಅಣ್ಣ. ಟರ್ಪಾಲಾ?"

"ಅಲ್ಲ. ಆ ದಿನ ನಾನು ನೂಲು ಹಿಡಿದಿರ್ಲಿಲ್ಲ. ಗೆರೆ ಒಂದು ಗೇಣು ಹಿಂದೆ ಇತ್ತು. ನಿನ್ನದು ಗೋಲ್."

ದಾರಿಯುದ್ದ ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತು. ಹೇಳಿದರೆ ಅವನು ಅಳಬಹುದು, ಬಯ್ಯಬಹುದು ಎಂದೆಲ್ಲ ಯೋಚಿಸಿದ್ದೆ. ಅವನು ಗಿರಾಕಿಗೆ ಟರ್ಪಾಲು ಮಡಚಿ ಕೊಟ್ಟು ಕಳಿಸಿದ. ಆಮೇಲೆ ನನ್ನ ಕಡೆ ತಿರುಗಿದ.

"ಅಣ್ಣ, ಇದು ನನಗೆ ಗೊತ್ತುಂಟು. ಕಂಬ ಹಿಡಿದು ಬೊಬ್ಬೆ ಹೊಡೆದದ್ದೇ ನಾನಲ್ವಾ. ಗೊತ್ತಿರುವವನ ಹತ್ರ ಬಂದು ಹೇಳಿ ಎಂತ ಪ್ರಯೋಜನ?"

"ತಪ್ಪಾಯ್ತು ಅಂತ ಹೇಳ್ಲಿಕ್ಕೆ."

"ಹೇಳಿ ಆಯ್ತಲ್ಲ. ಈಗ ನಿಮಗೆ ಹಗುರ ಆಯ್ತು, ಮನೆಗೆ ಹೋಗ್ತೀರಿ. ನನ್ನ ತಂಗಿ ಡಿಗ್ರಿ ಮುಗಿದ ಮೇಲೆ ಸರ್ಟಿಫಿಕೇಟ್ ತರ್ಲಿಕ್ಕೂ ಆ ಕಾಲೇಜಿಗೆ ಹೋಗ್ಲಿಲ್ಲ. ನಾನೇ ಹೋಗಿ ತಂದದ್ದು. ನೀವೇ ಕವರಿಗೆ ಹಾಕಿ ಕೊಟ್ರಿ. ನೆನಪುಂಟಾ?"

ನೆನಪಿತ್ತು.

"ನನ್ನ ಕ್ಯಾಪ್ಟನ್ ಈಗಲೂ ಈ ರಸ್ತೆಯಲ್ಲೇ ಹೋಗುದು. ನಗಾಡ್ತಾನೆ, ಮಾತಾಡ್ತಾನೆ. ಆದ್ರೆ ಅವನ ತಲೆಯಲ್ಲಿ ನಾನು ಮ್ಯಾಚ್ ಮಾರಿದವ. ಅವನ ಹತ್ರ ಹೇಳಿ. ನಿಮ್ಮ ಕೀಪರನ ಹತ್ರ ಹೇಳಿ. ಸನ್ಮಾನ ಉಂಟಂತಲ್ಲ, ಮೈಕ್ ಕೊಡ್ತಾರೆ. ಅದರಲ್ಲಿ ಹೇಳ್ತೀರಾ? ಹೇಳ್ತೀರಾದ್ರೆ ನಾನು ಬರ್ತೇನೆ. ಇಲ್ಲದಿದ್ರೆ ಇನ್ನು ಈ ಅಂಗಡಿಗೆ ಬರ್ಬೇಡಿ."

ಹೇಳುತ್ತೇನೆ ಎಂದೆ. ಹೊರಡುವಾಗ ಒಂದು ಉಂಡೆ ಬಲೆಯ ನೂಲು ತೆಗೆದುಕೊಂಡೆ. ಹಣ ಕೊಟ್ಟೆ, ಅವನೂ ತೆಗೆದುಕೊಂಡ.

ಹಳಬರ ಮ್ಯಾಚಿನ ಭಾನುವಾರ ಬೆಳಿಗ್ಗೆ ಮಳೆ ಸ್ವಲ್ಪ ಬಿಟ್ಟಿತ್ತು. ಮೈದಾನದ ಬದಿಯಲ್ಲಿ ಶೀಟಿನ ಚಪ್ಪರ ಹಾಕಿದ್ದರು. ನನಗೆ ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೊಟ್ಟು, ಕುರ್ಚಿಯಲ್ಲಿ ಕೂರಿಸಿದರು. ಪಿ.ಡಿ. ಸರ್ ಐದೂವರೆಯ ಓಟದ ಬಗ್ಗೆ ಮಾತಾಡಿದರು. ಹನ್ನೊಂದನೇ ನಂಬರಿನವ ಚಪ್ಪರದ ಹೊರಗೆ, ಕೊಡೆ ಹಿಡಿದು ನಿಂತಿದ್ದ. ಮೈಕ್ ನನ್ನ ಕೈಗೆ ಬಂತು.

"ಆ ವರ್ಷ ನಾವು ಗೆದ್ದದ್ದು ಸರಿಯಲ್ಲ," ಅಂದೆ. "ಗೋಲಿನ ಗೆರೆಯನ್ನು ನಾನು ನೂಲು ಹಿಡಿಯದೆ ಹಾಕಿದ್ದೆ. ರೆಫರಿಯ ಹತ್ತಿರ ಸುಳ್ಳು ಹೇಳಿದೆ. ಚೆಂಡು ಒಳಗೆ ಹೋಗಿತ್ತು."

ಹಿಂದಿನಿಂದ ಯಾರೋ ಶಿಳ್ಳೆ ಹೊಡೆದರು, ಎಲ್ಲರೂ ನಗಲು ಶುರು ಮಾಡಿದರು. ಪಿ.ಡಿ. ಸರ್ ನನ್ನ ಹೆಗಲ ಮೇಲೆ ಕೈಯಿಟ್ಟು ಮೈಕ್ ತೆಗೆದುಕೊಂಡರು. "ನೋಡಿ, ಎಂಥ ದೊಡ್ಡ ಮನಸ್ಸು. ಎದುರಾಳಿಗೆ ಬೇಸರ ಆಗಬಾರದು ಅಂತ ತಪ್ಪನ್ನು ತನ್ನ ಮೇಲೆ ಹಾಕಿಕೊಳ್ತಾರೆ. ಇದನ್ನು ನೀವೆಲ್ಲ ಕಲೀಬೇಕು." ಚಪ್ಪಾಳೆ. ನಾನು ಮತ್ತೆ ಮೈಕಿಗೆ ಕೈ ಚಾಚಿದೆ. ಕೊಡಲಿಲ್ಲ, ಊಟದ ವಿಷಯ ಘೋಷಣೆ ಮಾಡಲಿತ್ತು. ಜೆಪ್ಪಿನ ಕ್ಯಾಪ್ಟನ್ ಹನ್ನೊಂದನೇ ನಂಬರಿನವನ ಬೆನ್ನಿಗೆ ತಟ್ಟಿ, "ಖುಷಿಯಾ ಮಾರಾಯ? ಅಜ್ಜ ನಿನಗೊಂದು ಗೋಲ್ ದಾನ ಕೊಟ್ರು," ಎಂದದ್ದು ನನಗೆ ಕೇಳಿಸಿತು. ಅವನು ಕೊಡೆ ಮಡಚಿ ಗೇಟಿನ ಕಡೆ ಹೊರಟ.

ಆಗ ನನಗೆ ಬಂದಷ್ಟು ಸಿಟ್ಟು ನನ್ನ ಆಯುಷ್ಯದಲ್ಲಿ ಯಾವತ್ತೂ ಬಂದಿರಲಿಲ್ಲ. ಸುಳ್ಳು ಹೇಳಿದಾಗ ಒಂದೇ ಸಲಕ್ಕೆ ನಂಬಿದವರು ಇವರೇ. ಶಾಲು ಕುರ್ಚಿಯ ಮೇಲೆ ಬಿಸಾಡಿ, ಸ್ಟೋರಿನಿಂದ ಸುಣ್ಣದ ಡಬ್ಬ ತೆಗೆದುಕೊಂಡು, ಪೂರ್ವದ ಗೋಲಿಗೆ ಹೋದೆ. "ಇಲ್ಲಿ ಬಾ," ಎಂದು ಗೇಟಿನ ಕಡೆ ಹೋಗುತ್ತಿದ್ದವನನ್ನು ಕರೆದೆ. "ನೂಲು ಹಿಡಿ."

ಅವನು ನಿಂತ. ನನ್ನನ್ನು ನೋಡಿದ. ಬಂದು, ತನ್ನ ಅಂಗಡಿಯಿಂದಲೇ ನಾನು ತಂದಿದ್ದ ನೂಲಿನ ಒಂದು ತುದಿಯನ್ನು ಕಂಬದ ಬುಡಕ್ಕೆ ಒತ್ತಿ ಹಿಡಿದ. ನಾನು ಇನ್ನೊಂದು ಕಂಬಕ್ಕೆ ಎಳೆದು ಕಟ್ಟಿ, ಅದರ ಗುಂಟ ಸುಣ್ಣ ಬಿಟ್ಟೆ. ಆಮೇಲೆ ನೂಲು ಬಿಟ್ಟು, ಆ ದಿನ ಹಾಕಿದ ಹಾಗೆಯೇ ಗುಂಡಿಯ ಹಿಂದಿನಿಂದ ಇನ್ನೊಂದು ಗೆರೆ ಹಾಕಿದೆ. ಕೈಗೆ ಮರೆತಿರಲಿಲ್ಲ. ಎರಡನೇ ಗೆರೆಯ ಮೇಲೆ ಚೆಂಡು ತಂದಿಟ್ಟೆ. ಅಷ್ಟರಲ್ಲಿ ಅಜ್ಜನಿಗೆ ಏನಾಯಿತೆಂದು ನೋಡಲು ಹತ್ತು ಹದಿನೈದು ಜನ ಬಂದಿದ್ದರು. ಗೋಲ್‌ಕೀಪರ್‌ನನ್ನೂ ಜೆಪ್ಪಿನ ಕ್ಯಾಪ್ಟನನ್ನೂ ಕಂಬದ ಹತ್ತಿರ ನಿಲ್ಲಿಸಿದೆ. "ಇಲ್ಲಿಂದ ನೋಡಿ," ಅಂದೆ.

ಗೋಲ್‌ಕೀಪರ್ ನೋಡಿದ. ಅವನ ಮುಖ ಸಣ್ಣದಾಯಿತು. "ಅಣ್ಣ, ಇದು ನೀವು ಇವತ್ತು ಹಾಕಿದ್ದಲ್ವಾ?" ಎಂದ. "ಅವತ್ತು ಹೀಗೇ ಇತ್ತು ಅಂತ ಹೇಗೆ ಹೇಳುದು? ಮಳೆಯಲ್ಲಿ ಯಾರು ನೋಡಿದ್ದಾರೆ?"

ಅವನ ಮಾತೂ ಸರಿಯೇ. ಸಾಕ್ಷಿ ನಾನೊಬ್ಬನೇ. ಆ ಸಾಕ್ಷಿ ಒಮ್ಮೆ ಸುಳ್ಳು ಹೇಳಿಯಾಗಿದೆ.

ಜೆಪ್ಪಿನ ಕ್ಯಾಪ್ಟನ್ ಮಾತ್ರ ಕುಕ್ಕರುಗಾಲಿನಲ್ಲಿ ಕೂತ. ಕಂಬಕ್ಕೆ ಕೆನ್ನೆ ತಾಗಿಸಿ ಬಹಳ ಹೊತ್ತು ನೋಡಿದ. ಎರಡು ಗೆರೆಗಳ ನಡುವೆ ತನ್ನ ಕೈ ಅಗಲಿಸಿ ಗೇಣು ಹಾಕಿದ. ನಗುತ್ತಿರಲಿಲ್ಲ.

"ನೀನು ಅವತ್ತು ಇಲ್ಲೇ ನಿಂತಿದ್ದಲ್ವಾ," ಎಂದು ಹನ್ನೊಂದನೇ ನಂಬರಿನವನನ್ನು ಕೇಳಿದ.

"ಹೌದು."

"ಬೊಬ್ಬೆ ಹೊಡೀತಾ ಇದ್ದೆ. ನಾನು ರೆಫರಿಯ ಹತ್ರ ಗಲಾಟೆ ಮಾಡ್ತಾ ಇದ್ದೆ. ನಿನ್ನ ಹತ್ರ ಬಂದು ನೋಡ್ಲೇ ಇಲ್ಲ ನಾನು."

"ಇಲ್ಲ. ನೋಡ್ಲಿಲ್ಲ."

ಕ್ಯಾಪ್ಟನ್ ಎದ್ದು ಕೈಯ ಕೆಸರು ಚಡ್ಡಿಗೆ ಒರೆಸಿಕೊಂಡ. ಯಾರೋ ವಿಸಿಲ್ ಊದಿದರು, ಎಲ್ಲರೂ ಆಡಲು ಹೋದರು. ತನ್ನ ತಂಡದಲ್ಲಿ ಎಡಗಡೆ ಆಡುವವನ ಅಂಗಿಯನ್ನು ಬಿಚ್ಚಿಸಿ ಕ್ಯಾಪ್ಟನ್ ಹನ್ನೊಂದನೇ ನಂಬರಿನವನ ಕೈಗೆ ಕೊಟ್ಟ. ಇವನು ಅದನ್ನು ಹಾಕಿಕೊಳ್ಳಲಿಲ್ಲ, ವಾಪಸೂ ಕೊಡಲಿಲ್ಲ. ಹೆಗಲ ಮೇಲೆ ಹಾಕಿಕೊಂಡು ಗೋಲಿನ ಹಿಂದೆ ನಿಂತು ಆಟ ನೋಡಿದ.

ವರ್ಷಕ್ಕೊಮ್ಮೆಯ ಆ ಪಂದ್ಯ ಈಗ ನಿಂತುಹೋಗಿದೆ, ಕಪ್ ಈಗಲೂ ನಮ್ಮ ಕಾಲೇಜಿನ ಗಾಜಿನ ಕಪಾಟಿನಲ್ಲೇ ಇದೆ. ಅದರ ಕೆಳಗಿನ ಹಲಗೆಯಲ್ಲಿ ಆ ವರ್ಷದ ಎದುರು ಬರೆದದ್ದನ್ನು ತಿದ್ದಿ ಎಂದು ಆಫೀಸಿಗೆ ಎರಡು ಸಲ ಹೋಗಿ ಹೇಳಿದೆ. "ನೋಡುವಾ" ಎನ್ನುತ್ತಾರೆ. ಆ ಆಫೀಸಿನಲ್ಲಿ ಮೂವತ್ತೊಂದು ವರ್ಷ ಇದ್ದವನಿಗೆ ಆ ಮಾತಿನ ಅರ್ಥ ಯಾರೂ ಹೇಳಿಕೊಡಬೇಕಾಗಿಲ್ಲ. ಇನ್ನೂ ಹೋಗುತ್ತೇನೆ. ತಂಗಿಯ ಹತ್ತಿರ ನಾನು ಹೋಗಿ ಮಾತಾಡಬಹುದಾ ಎಂದು ಅಣ್ಣನನ್ನು ಕೇಳಿದ್ದೇನೆ. ಅವಳನ್ನು ಕೇಳಿ ಹೇಳುತ್ತೇನೆ ಎಂದವನು ಇನ್ನೂ ಏನೂ ಹೇಳಿಲ್ಲ.

ಹಳಬರ ಮ್ಯಾಚಿನ ದಿನ ಮಧ್ಯಂತರಕ್ಕೆ ಸರಿಯಾಗಿ ಮಳೆ ಬಂತು. ನನ್ನ ಎರಡೂ ಗೆರೆಗಳು, ಸರಿಯಾದದ್ದೂ ತಪ್ಪಾದದ್ದೂ, ಒಟ್ಟಿಗೆ ತೊಳೆದುಹೋದವು. ನಾನು ಡಬ್ಬ ಹಿಡಿದು ಎದ್ದೆ. ನಾನು ತಲುಪುವ ಮೊದಲೇ ಹನ್ನೊಂದನೇ ನಂಬರಿನವ ಕಂಬದ ಬುಡದಲ್ಲಿ ಕೂತಿದ್ದ.

"ನೂಲು ಕೊಡಿ," ಅಂದ.

ತುದಿ ಕೊಟ್ಟೆ. ಅವನು ಹಿಡಿದ ಬಿಗಿಗೆ ಈ ಕಡೆ ನನ್ನ ಬೆರಳಿನ ಚರ್ಮ ಕೊಯ್ದಿತು. ನೂಲು ನೇರ ಗುಂಡಿಯ ನೀರಿನ ಮೇಲೆಯೇ ಹೋಯಿತು. ಸುಣ್ಣ ಬಿಟ್ಟೆ, ಕರಗಿತು. ಮತ್ತೆ ಬಿಟ್ಟೆ, ಮತ್ತೆ ಕರಗಿತು. ಕೈಯ ಗಾಯಕ್ಕೆ ಸುಣ್ಣ ತಾಗಿ ಉರಿಯುತ್ತಿತ್ತು. ಆ ಕಡೆಯಿಂದ ವಿಸಿಲ್ ಕೇಳಿಸಿತು.

"ಅವರು ಕಾಯ್ಲಿ," ಎಂದ ಅವನು, ನೂಲು ಬಿಡದೆ. "ನೀವು ಹಾಕಿ."